ಊರವರು ಕೂಡಿ ನಡೆಸುವ ಸಂಶೋಧನೆ

ಒಂದು ಊರಿನ ಸ್ಥಿತಿಗತಿಗಳನ್ನು ಅರಿಯಬೇಕಾದರೆ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿಕೊಂಡು ಮನೆಮನೆಗೂ ಹೋಗಿ, ಉತ್ತರಗಳನ್ನು ಬರೆದುಕೊಂಡು, ಅವುಗಳನ್ನು ಕೋಷ್ಟಕಗಳಲ್ಲಿ ಅಳವಡಿಸುತ್ತೇವೆ. ಈ ಕ್ರಮಕ್ಕೆ ತನ್ನದೇ ಆದ ಬೆಲೆಯುಂಟು. ಒಂದು ಕೊರತೆಯೂ ಉಂಟು. ಯಾವ ಪ್ರಶ್ನೆ ಮುಖ್ಯವೆಂಬುದನ್ನು ನಿರ್ಧರಿಸುವವನು ಹೊರಗಿನಿಂದ ಬಂದ ಸಂಶೋಧಕ. ಊರವರು ಉತ್ತರ ಕೊಡುವವರು ಮಾತ್ರ. ಕೊನೆಗೆ ದೊರೆತ ಫಲಿತಾಂಶ ಅವರ ಕಣ್ಣಿಗೆ ಬೀಳುವುದೂ ಅಪರೂಪ. ಈ ಕೊರತೆಯನ್ನು ನೀಗಲು ಚಲನಚಿತ್ರ, ನಕಾಶೆ ಮುಂತಾದ ದೃಶ್ಯಸಾಧನಗಳು ಹೇಗೆ ನೆರವಾಗಬಲ್ಲವೆಂಬುದನ್ನು ಎರಡು ನಿದರ್ಶನಗಳಿಂದ ತಿಳಿಯೋಣ.

ಫೋಗೋ ದ್ವೀಪದ ಚಲನಚಿತ್ರಗಳು

ಕೆನಡಾ ದೇಶದ ಪೂರ್ವದಂಚಿನಲ್ಲಿರುವ ನ್ಯೂಫೌಂಡ್‌ಲ್ಯಾಂಡಿನ ಈಶಾನ್ಯ ಕರಾವಳಿಯಾಚೆ ಫೋಗೋ ಎಂಬ ಚಿಕ್ಕ ದ್ವೀಪವಿದೆ. ತಲೆಮಾರುಗಳಿಂದ ಕಾಡ್ ಮೀನು ಹಿಡಿದು ಬದುಕಿದ ಬೆಸ್ತರ ಹಳ್ಳಿಗಳು ಅಲ್ಲಿನವು. ೧೯೬೦ರ ದಶಕದಲ್ಲಿ ಕರಾವಳಿಯ ಮೀನುಗಾರಿಕೆ ಕುಂದಿ ಬಡತನ ಹೆಚ್ಚಿತು. ದೂರದ ಸಣ್ಣ ಹಳ್ಳಿಗಳನ್ನು ತೆರವು ಮಾಡಿಸಿ ಜನರನ್ನು ದೊಡ್ಡ ಊರುಗಳಲ್ಲಿ ನೆಲೆಗೊಳಿಸುವ ಯೋಜನೆಯನ್ನು ಸರಕಾರ ಆಗಲೇ ನಡೆಸುತ್ತಿತ್ತು. ೧೯೫೪ರಿಂದ ೧೯೭೫ರವರೆಗೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ಹೀಗೆ ಹುಟ್ಟೂರನ್ನು ಬಿಟ್ಟವರು ಸುಮಾರು ೩೦,೦೦೦ ಮಂದಿ. ಫೋಗೋ ಜನರ ಮುಂದೆಯೂ ಅದೇ ಪ್ರಶ್ನೆ ನಿಂತಿತ್ತು: ಉಳಿಯುವುದೋ, ಬಿಡುವುದೋ? ಹಳ್ಳಿಹಳ್ಳಿಗಳ ನಡುವೆ ಮತಭೇದವೂ ಹಳೆಯ ಮನಸ್ತಾಪಗಳೂ ಇದ್ದುದರಿಂದ ಎಲ್ಲರೂ ಕೂಡಿ ಯೋಚಿಸುವುದು ಸುಲಭವಾಗಿರಲಿಲ್ಲ.

೧೯೬೭ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಲಿಯ ಕಾಲಿನ್ ಲೋ ಎಂಬವರು, ಮೆಮೋರಿಯಲ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಸ್ನೋಡನ್ ಅವರ ಸಹಕಾರದಿಂದ, ದ್ವೀಪದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಿರುಚಿತ್ರಗಳನ್ನು ತೆಗೆದರು. ಇವರ ಕ್ರಮವನ್ನು ನಾವು ವಿಶೇಷವಾಗಿ ಗಮನಿಸಬೇಕು. ಒಬ್ಬನ ಮಾತನ್ನು ತುಂಡರಿಸಿ ಇನ್ನೊಬ್ಬನ ಮಾತಿಗೆ ಎದುರಾಗಿ ಜೋಡಿಸಿದರೆ, ಗೆಲ್ಲುವುದು ಚಿತ್ರ ತೆಗೆದವನ ವಾದ. ಆದಕಾರಣ ಒಂದೊಂದು ಚಿತ್ರವೂ ಒಬ್ಬ ವ್ಯಕ್ತಿಗೆ ಅಥವಾ ಒಂದು ವಿಷಯಕ್ಕೆ ಮೀಸಲಾಯಿತು. ಚಿತ್ರದಲ್ಲಿ ಮಾತನಾಡಿದವರಿಗೇ ಅದನ್ನು ಮೊದಲು ತೋರಿಸಲಾಯಿತು. ಬೇಡವಾದ ಭಾಗವನ್ನು ತೆಗೆಸಿಹಾಕುವ ಹಕ್ಕು ಅವರಿಗಿತ್ತು. ಅವರು ಒಪ್ಪಿದ ಮೇಲೆ ಹಳ್ಳಿಯಿಂದ ಹಳ್ಳಿಗೆ ಪ್ರದರ್ಶನ ನಡೆಯಿತು. ಪ್ರದರ್ಶನದ ತರುವಾಯ ಚರ್ಚೆ.

ಎದುರೆದುರು ಆಡಲಾರದ ಮಾತನ್ನು ನೆರೆಹಳ್ಳಿಯವನು ತೆರೆಯ ಮೇಲೆ ಆಡುವುದನ್ನು ಕೇಳಿದಾಗ, ಕಷ್ಟವು ತಮ್ಮ ಹಳ್ಳಿಯೊಂದರದೇ ಅಲ್ಲವೆಂಬುದು ಜನರಿಗೆ ಮನದಟ್ಟಾಯಿತು. ಚಿತ್ರಗಳನ್ನು ಮಂತ್ರಿಗಳೂ ನೋಡಿದರು. ಮೀನುಗಾರಿಕೆಯ ಮಂತ್ರಿ ಕೊಟ್ಟ ಉತ್ತರವನ್ನೂ ಚಿತ್ರೀಕರಿಸಿ ದ್ವೀಪಕ್ಕೆ ತಂದು ತೋರಿಸಲಾಯಿತು. ಜನರು ಹಡಗು ಕಟ್ಟುವ ಸಹಕಾರ ಸಂಘವನ್ನು ಸ್ಥಾಪಿಸಿಕೊಂಡು ದ್ವೀಪದಲ್ಲಿಯೇ ಉಳಿದರು. ಇದೆಲ್ಲವೂ ಚಿತ್ರಗಳಿಂದಲೇ ಆಯಿತೆನ್ನುವುದು ಸರಿಯಲ್ಲ. ದ್ವೀಪದ ಏಳಿಗೆಗಾಗಿ ದುಡಿಯುವ ಸಮಿತಿಯೊಂದು ಅಲ್ಲಿ ಮೊದಲೇ ಇತ್ತು. ಚದುರಿದ್ದ ಮಾತುಗಳನ್ನು ಒಂದೆಡೆ ಸೇರಿಸಿದ್ದು ಚಿತ್ರಗಳ ಕೆಲಸ.

ಕಿಬೇರಾದ ನಕಾಶೆ

ಫೋಗೋದಲ್ಲಿ ಕ್ಯಾಮೆರಾ ತಜ್ಞರ ಕೈಯಲ್ಲಿತ್ತು. ಡಿಜಿಟಲ್ ಸಾಧನಗಳು ಬಂದ ಮೇಲೆ ಉಪಕರಣವೇ ಊರವರ ಕೈ ಸೇರಿತು. ಕೆನ್ಯಾದ ರಾಜಧಾನಿ ನೈರೋಬಿಯಲ್ಲಿ ಕಿಬೇರಾ ಎಂಬ ಜನನಿಬಿಡವಾದ ಬಡವರ ವಸತಿಯಿದೆ. ಸಾರ್ವಜನಿಕರಿಗೆ ದೊರೆಯುತ್ತಿದ್ದ ನಕಾಶೆಗಳಲ್ಲಿ ಅದು ಬಹುಮಟ್ಟಿಗೆ ಬರಿದಾದ ಜಾಗವಾಗಿತ್ತು. ೨೦೦೯ರಲ್ಲಿ ಅಲ್ಲಿನ ತರುಣ ತರುಣಿಯರು ಜಿಪಿಎಸ್ ಉಪಕರಣಗಳನ್ನು ಹಿಡಿದು ಓಣಿಓಣಿಗಳಲ್ಲಿ ನಡೆದರು. ಈ ಉಪಕರಣವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಗ್ರಹಿಸಿ, ಅವು ಬಂದು ತಲಪಲು ಹಿಡಿದ ಕಾಲದಿಂದ ದೂರವನ್ನು ಗಣಿಸಿ, ನಾವು ನಿಂತ ಸ್ಥಳವನ್ನು ನಿರ್ಣಯಿಸುತ್ತದೆ. ಹೀಗೆ ನೀರಿನ ನಲ್ಲಿ, ಶೌಚಾಲಯ, ಚಿಕಿತ್ಸಾಲಯ, ಶಾಲೆಗಳನ್ನು ಗುರುತಿಸಿ, ಯಾರು ಬೇಕಾದರೂ ಬಳಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜಾಗತಿಕ ನಕಾಶೆಯಲ್ಲಿ ಸೇರಿಸಲಾಯಿತು. ಒಂದು ತಗಡಿನ ಮಾಡು ಎಲ್ಲಿದೆಯೆಂಬುದನ್ನು ಉಪಗ್ರಹದ ಚಿತ್ರ ತೋರಿಸೀತು. ಅದರ ಕೆಳಗಿರುವುದು ಶಾಲೆಯೋ ಅಂಗಡಿಯೋ ಎಂಬುದನ್ನು ಬಲ್ಲವರು ಅಲ್ಲಿ ಬಾಳುವವರೇ.

ಎಚ್ಚರಿಕೆ

ಸಾಧನ ಸುಲಭವಾದಷ್ಟೂ ಹೊಣೆ ಹೆಚ್ಚುತ್ತದೆ. ಫೋಗೋ ಚಿತ್ರದ ಸುರುಳಿಯನ್ನು ತೋರಿಸಲು ಪ್ರೊಜೆಕ್ಟರೂ ಸಭಾಂಗಣವೂ ಬೇಕಾಗಿದ್ದವು. ಇಂದಿನ ಡಿಜಿಟಲ್ ಚಿತ್ರವೋ ಕ್ಷಣದಲ್ಲಿ ಲೋಕವೆಲ್ಲ ಹರಡಬಲ್ಲುದು; ಹರಡಿದ್ದನ್ನು ಹಿಂದಕ್ಕೆ ಪಡೆಯುವುದು ಅಸಾಧ್ಯವೆಂದೇ ಹೇಳಬೇಕು. ಒಬ್ಬ ಬಡವನ ಮುಖ, ಅವನ ಮನೆಯ ನೆಲೆ, ಸಾಲದ ಮಾತು ಇವು ಅವನಿಗೇ ಕೇಡು ತರಬಹುದು.

ಆದುದರಿಂದ ಇಂಥ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ವಿಷಯವನ್ನು ಆರಿಸಿದವರು ಯಾರು? ಉಪಕರಣ ಯಾರ ಕೈಯಲ್ಲಿದೆ? ಬೇಡವೆನ್ನುವ ಹಕ್ಕು ಯಾರಿಗಿದೆ? ಫಲಿತಾಂಶ ಊರಿಗೆ ಮರಳುತ್ತದೆಯೇ? ನಮ್ಮೂರಿನ ಕೆರೆಯೊಂದರ ಸ್ಥಿತಿಯನ್ನು ಅರಿಯಹೊರಟರೂ ಈ ಪ್ರಶ್ನೆಗಳು ತಪ್ಪವು. ಕೆರೆಯ ನೀರನ್ನು ಬಳಸುವವರೊಡನೆ ಕೂಡಿ ಚಿತ್ರ ತೆಗೆದು, ನಕಾಶೆ ಬರೆದು, ಮೊದಲ ಪ್ರದರ್ಶನವನ್ನು ಅವರ ಮುಂದೆಯೇ ನಡೆಸಿ, ಅವರು ತೋರಿದ ತಪ್ಪುಗಳನ್ನು ತಿದ್ದಿಕೊಂಡರೆ, ಆ ಸಂಶೋಧನೆ ಅವರದೂ ಹೌದು, ನಮ್ಮದೂ ಹೌದು.