ಜೇಬಿನ ಚಾಕು: ಕಡಿಮೆ ದುಡ್ಡಿನ ಖರೀದಿ ಮತ್ತು ಕಾನೂನು

ಮಾವಿನ ಗಿಡಕ್ಕೆ ಕಸಿ ಕಟ್ಟುವವರು, ವೈರಿಂಗ್ ಕೆಲಸದವರು, ಗೋಡೌನಿನಲ್ಲಿ ದಿನವಿಡೀ ರಟ್ಟಿನ ಪೆಟ್ಟಿಗೆ ಬಿಚ್ಚುವ ಹುಡುಗರು, ಹೂವಿನ ಮಾರುಕಟ್ಟೆಯಲ್ಲಿ ದಾರ ಕತ್ತರಿಸುವ ಹೆಂಗಸರು. ಇಂಥವರಿಗೆಲ್ಲ ಮಡಚುವ ಚಾಕು ಕೆಲಸದ ಸಾಮಾನು. ಅದನ್ನು ಕೊಳ್ಳುವಾಗ ಅವರಿಗೆ ಎರಡು ಆತಂಕ ಇರುತ್ತದೆ. ಕೊಟ್ಟ ನಾಲ್ಕೈದು ನೂರು ರೂಪಾಯಿ ತಿಂಗಳೊಳಗೆ ದಂಡವಾದೀತೆ ಎಂಬುದು ಒಂದು, ದಾರಿಯಲ್ಲಿ ಪೊಲೀಸರು ತಡೆದರೆ ಏನು ಗತಿ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಬಹುಮಟ್ಟಿಗೆ ಒಂದೇ. ಕಾನೂನಿನ ಕಣ್ಣಿಗೆ ಸಲಕರಣೆಯಾಗಿ ಕಾಣುವ ಸಣ್ಣ, ಸರಳ, ಕೈಯಿಂದ ಬಿಚ್ಚುವ ಚಾಕುವೇ ಕಡಿಮೆ ದುಡ್ಡಿನಲ್ಲಿ ಹೆಚ್ಚು ಕಾಲ ಬಾಳುತ್ತದೆ. ಆಯುಧದ ಠೀವಿಯ ಚಾಕುವಿನಲ್ಲಿ ನಿಮ್ಮ ದುಡ್ಡು ಉಕ್ಕಿಗೆ ಹೋಗುವುದಿಲ್ಲ. ಬಟನ್ನಿಗೆ, ಸ್ಪ್ರಿಂಗಿಗೆ, ಕಪ್ಪು ಬಣ್ಣಕ್ಕೆ ಹೋಗುತ್ತದೆ.

ಮೊದಲು ಕಾನೂನು. ಶಸ್ತ್ರಾಸ್ತ್ರ ಕಾಯ್ದೆ, 1959ರ 2ನೇ ಕಲಂ ‘ಆಯುಧ’ ಎಂದರೇನು ಎಂದು ಹೇಳುತ್ತದೆ. ದಾಳಿಗೋ ರಕ್ಷಣೆಗೋ ಆಯುಧವಾಗಲೆಂದು ರೂಪಿಸಿದ ಅಥವಾ ಮಾರ್ಪಡಿಸಿದ ವಸ್ತು ಆಯುಧ. ಹರಿತವಾದ ಮಾರಕ ಆಯುಧಗಳೂ ಅದರಲ್ಲಿ ಸೇರಿವೆ. ಆದರೆ ಮನೆಬಳಕೆಗೆ ಅಥವಾ ಬೇಸಾಯಕ್ಕೆ ಮಾತ್ರವೇ ಮಾಡಿದ ವಸ್ತುಗಳನ್ನು ಅದೇ ಕಲಂ ಹೊರಗಿಟ್ಟಿದೆ. ಶಸ್ತ್ರಾಸ್ತ್ರ ನಿಯಮಗಳು, 2016ರ ಮೊದಲನೇ ಅನುಸೂಚಿ ಅಳತೆಯನ್ನೂ ಕೊಟ್ಟಿದೆ. ಕತ್ತಿ, ಕಠಾರಿ, ಭರ್ಜಿಗಳ ಸಾಲಿನಲ್ಲಿ ಚಾಕು ಸೇರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದಾಗ. ಅಲ್ಲಿಯೂ ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವುಗಳಿಗೆ ವಿನಾಯಿತಿ ಉಂಟು. ಜೇಬಿಗೆ ಹಿಡಿಸುವ ಮಡಚುವ ಚಾಕುವಿನ ಅಲಗು ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಇಂಚು. ಅನುಸೂಚಿಯ ಗೆರೆ ಅದರಿಂದ ಬಹಳ ದೂರದಲ್ಲಿದೆ.

ಅಷ್ಟಕ್ಕೇ ನಿಶ್ಚಿಂತೆ ಬೇಡ. ಕಾಯ್ದೆಯ 4ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಯಾವುದಾದರೂ ಪ್ರದೇಶವನ್ನು ಹೆಸರಿಸಿ, ಅಲ್ಲಿ ಇಂಥಿಂಥ ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು ಎಂದು ಅಧಿಸೂಚನೆ ಹೊರಡಿಸಬಹುದು. ಅದನ್ನು ಮೀರಿದವರಿಗೆ 25ನೇ ಕಲಂ ಅಡಿ ಒಂದರಿಂದ ಮೂರು ವರ್ಷ ಜೈಲು ಮತ್ತು ದಂಡ. ಎಲ್ಲರೂ ತಿಳಿದಿರಬೇಕಾದ ಉದಾಹರಣೆ ದೆಹಲಿಯದು. ಅಲ್ಲಿನ ಆಡಳಿತ 1980ರಲ್ಲಿ ಹೊರಡಿಸಿದ ಅಧಿಸೂಚನೆ ಸ್ಪ್ರಿಂಗ್ ಚಾಕು, ಗರಾರಿದಾರ್ ಚಾಕು, ಬಟನ್ ಚಾಕು, ಇಂಥದೇ ಯಾಂತ್ರಿಕ ವ್ಯವಸ್ಥೆಯಿಂದ ಬಿಚ್ಚಿ ಮುಚ್ಚುವ ಚಾಕುಗಳನ್ನು ನಿಯಂತ್ರಿಸುತ್ತದೆ. ಅದರ ಅಳತೆ ಅಲಗಿನ ಉದ್ದ 7.62 ಸೆಂಟಿಮೀಟರ್, ಅಗಲ 1.72 ಸೆಂಟಿಮೀಟರ್ ಅಥವಾ ಹೆಚ್ಚು. ಬಟನ್ ಚಾಕು ಸಿಕ್ಕಿತೆಂದು ಅದರಡಿ ಹೂಡಿದ್ದ ಒಂದು ಪ್ರಕರಣವನ್ನು 2025ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಧಿಸೂಚನೆ ಹೇಳುವುದು ತಯಾರಿಕೆ, ಮಾರಾಟ, ಮಾರಾಟಕ್ಕಾಗಿ ಇಟ್ಟುಕೊಳ್ಳುವುದು ಇತ್ಯಾದಿಯನ್ನು. ಆ ಉದ್ದೇಶ ಆರೋಪಪಟ್ಟಿಯಲ್ಲಿ ಇರಲಿಲ್ಲ ಎಂಬುದು ಕಾರಣ. ಆ ವ್ಯಕ್ತಿಗೆ ನ್ಯಾಯ ಸಿಕ್ಕಿತು, ನಿಜ. ಆದರೆ ಠಾಣೆಯಿಂದ ಸುಪ್ರೀಂ ಕೋರ್ಟಿನವರೆಗೆ ಅಲೆಯುವ ಶಕ್ತಿ ಎಷ್ಟು ಕೂಲಿಕಾರರಿಗೆ ಇದೆ? ಬಟನ್ ಒತ್ತಿದರೆ ಚಿಮ್ಮುವ ಚಾಕುವನ್ನು ಕರ್ನಾಟಕದಲ್ಲಿಯೂ ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಕಡಿಮೆ ಬೆಲೆಯ ಚಾಕುವಿನಲ್ಲಿ ಮೊದಲು ಕೈಕೊಡುವುದೂ ಆ ಸ್ಪ್ರಿಂಗೇ.

ಸ್ವರಕ್ಷಣೆಗೆಂದು ಚಾಕು ಕೊಳ್ಳುವವರಿಗೆ, ಮುಖ್ಯವಾಗಿ ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ, ಒಂದು ಮಾತು. ಪ್ರಾಣರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಖಂಡಿತ ಕೊಡುತ್ತವೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿಯೊಂದಿಗೆ. ಆದರೆ ಚಾಕುವನ್ನು ರಕ್ಷಣೆಗೆಂದೇ ಇಟ್ಟುಕೊಂಡಾಗ ಅದನ್ನು ಬರೀ ಸಲಕರಣೆ ಎಂದು ಸಾಧಿಸುವುದು ಕಷ್ಟವಾಗುತ್ತದೆ. ಜಗಳದಲ್ಲಿ ಅದರಿಂದ ಗಾಯವಾದರೆ ಅದೇ ಸಂಹಿತೆಯ 118ನೇ ಕಲಂ, ಅಂದರೆ ಅಪಾಯಕಾರಿ ಆಯುಧದಿಂದ ಗಾಯಗೊಳಿಸಿದ ಆರೋಪ, ಎದುರಾಗಬಹುದು. ಮೂರಿಂಚಿನ ಮಡಚುವ ಚಾಕುವನ್ನು ಗಾಬರಿಯಲ್ಲಿ ಬಿಚ್ಚುವುದು ಸುಲಭವಲ್ಲ, ಕಿತ್ತುಕೊಂಡವನ ಕೈಗೆ ಅದು ಆಯುಧವಾಗುತ್ತದೆ. 112ಕ್ಕೆ ಕರೆ ಮಾಡುವ ಏರ್ಪಾಡು ಫೋನಿನಲ್ಲಿ ಇರಲಿ, ಚಾಕು ಕೆಲಸಕ್ಕಿರಲಿ.

ಅಂಗಡಿಯಲ್ಲಿ ನೋಡಬೇಕಾದದ್ದು

ಅಲಗಿನ ಮೇಲೆ ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಕೊರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಊಟದ ಚಮಚವೂ ಸ್ಟೇನ್‌ಲೆಸ್ಸೇ. ಉಕ್ಕಿನ ದರ್ಜೆ ಕೇಳಿ. 420 ಅಥವಾ 3ಸಿಆರ್13 ಮೆದು ಜಾತಿಯವು. ಬೇಗ ಮೊಂಡಾಗುತ್ತವೆ, ಬೇಗ ಸಾಣೆಗೂ ಬರುತ್ತವೆ. 8ಸಿಆರ್13ಎಂಒವಿ, 440ಸಿ ಎಂಬವು ಹರಿತವನ್ನು ಹೆಚ್ಚು ದಿನ ಹಿಡಿದಿಡುತ್ತವೆ. ದರ್ಜೆಯಷ್ಟೇ ಮುಖ್ಯವಾದದ್ದು ಹದ. ಅದನ್ನು ರಾಕ್‌ವೆಲ್ ಮಾನದಲ್ಲಿ ಹೇಳುತ್ತಾರೆ, ದಿನಬಳಕೆಗೆ 55ರಿಂದ 58 ಸಾಕು. ಅದಕ್ಕಿಂತ ಗಡುಸಾದರೆ ಮನೆಯ ಸಾಣೆಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಕಾರ್ಬನ್ ಉಕ್ಕು ಅಗ್ಗ, ಹರಿತವೂ ಚೆನ್ನಾಗಿ ಬರುತ್ತದೆ. ಆದರೆ ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ದಿನವೂ ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು ತಿನ್ನುತ್ತದೆ. ಕರಾವಳಿಯವರು ಸ್ಟೇನ್‌ಲೆಸ್ ಕೊಳ್ಳುವುದೇ ಲೇಸು. ಬಯಲುಸೀಮೆಯ ರೈತರಿಗೆ ಕಾರ್ಬನ್ ಉಕ್ಕು ಒಳ್ಳೆಯ ಆಯ್ಕೆ.

ಉಕ್ಕಿಗಿಂತ ಮೊದಲು ಸೋಲುವುದು ಕೀಲು. ಚಾಕು ಬಿಚ್ಚಿ, ಹಿಡಿಯನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಅಲಗಿನ ಬೆನ್ನನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಒತ್ತಿ ನೋಡಿ. ಅಂಗಡಿಯಲ್ಲೇ ಅಲುಗಿದರೆ ತಿಂಗಳಲ್ಲಿ ಕಳಚುತ್ತದೆ. ಲಾಕ್ ಇದ್ದರೆ ಅದರ ಪಟ್ಟಿ ಅಲಗಿನ ಬುಡಕ್ಕೆ ಪೂರ್ತಿ ಕೂರಬೇಕು, ಅಂಚಿನಲ್ಲಿ ತೊಡರಿಕೊಂಡಿದ್ದರೆ ಸಾಲದು. ಮುಚ್ಚಿದಾಗ ಮೊನೆ ಹಿಡಿಯೊಳಗೆ ಅಡಗಬೇಕು. ಅಲಗು ಎರಡು ಬದಿಯ ನಡುವೆ ನೆಟ್ಟಗೆ ಕೂರಬೇಕು. ಕೀಲಿಗೆ ಸ್ಕ್ರೂ ಇದ್ದರೆ ಸಡಿಲವಾದಾಗ ಬಿಗಿ ಮಾಡಬಹುದು. ರಿವೆಟ್ ಇದ್ದರೆ ಒಳ್ಳೆಯ ಕಮ್ಮಾರ ಬೇಕು.

ಸರಳತೆ ಹೇಗೆ ಬಾಳಿಕೆ ಕೊಡುತ್ತದೆ ಎಂಬುದಕ್ಕೆ ಫ್ರಾನ್ಸಿನ ಒಪಿನೆಲ್ ಚಾಕು ಸಾಕ್ಷಿ. ಸವೋಯ್ ಪ್ರಾಂತದಲ್ಲಿ 1890ರಲ್ಲಿ ರೈತರಿಗೆಂದು ಹುಟ್ಟಿದ್ದು. ಒಂದು ಅಲಗು, ಒಂದು ಮರದ ಹಿಡಿ, ಒಂದು ಕೀಲು. ಅಲಗನ್ನು ಭದ್ರಪಡಿಸುವ ತಿರುಗುವ ಬಳೆ 1955ರಲ್ಲಿ ಸೇರಿತು. ಕೆಡುವುದಕ್ಕೆ ಅದರಲ್ಲಿ ಹೆಚ್ಚೇನೂ ಇಲ್ಲ. ನಾವು ಯಾವ ಕಂಪನಿಯದನ್ನೇ ಕೊಂಡರೂ ಹುಡುಕಬೇಕಾದ ಗುಣ ಅದೇ. ಇಕ್ಕಳ, ಟಾರ್ಚ್, ಗಾಜು ಒಡೆಯುವ ಮೊನೆ ಎಲ್ಲವೂ ಒಂದರಲ್ಲೇ ಎಂದು ಆರು ನೂರಕ್ಕೆ ಮಾರುವವನ ಬಳಿ ಅಲಗಿಗೆಂದು ಎಷ್ಟು ದುಡ್ಡು ಉಳಿದಿರುತ್ತದೆ?

ಪೊಟ್ಟಣ ಮತ್ತು ಬಿಲ್ಲು

ಬಡ ಗ್ರಾಹಕನಿಗೆ ಪ್ರಯೋಗಾಲಯವಿಲ್ಲ. ಪೊಟ್ಟಣದ ಮೇಲಿನ ಬರಹವೇ ಅವನ ಆಧಾರ. ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸಾಮಗ್ರಿ ನಿಯಮಗಳು, 2011ರಂತೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಆಮದಾದರೆ ಮೂಲ ದೇಶ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ಇರಲೇಬೇಕು. ವಿಳಾಸವಿಲ್ಲದ ಪೊಟ್ಟಣ ಕಂಡರೆ ಬಿಟ್ಟುಬಿಡಿ. ನಾಳೆ ಚಾಕು ಮುರಿದರೆ ನೋಟಿಸ್ ಕಳಿಸಲು ಜಾಗವೇ ಇರುವುದಿಲ್ಲ. ಸಂತೆಯ ಕಮ್ಮಾರನ ಕೈಕೆಲಸಕ್ಕೆ ಪೊಟ್ಟಣವಿರುವುದಿಲ್ಲ, ಅವನ ಹೆಸರು ಊರೇ ಖಾತರಿ. ಬಹಳ ಸಲ ಅದು ಪೊಟ್ಟಣಕ್ಕಿಂತ ಗಟ್ಟಿ.

ಬಿಲ್ಲು ಕೇಳುವುದಕ್ಕೆ ಸಂಕೋಚ ಬೇಡ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಳ್ಳಲು ನಿರಾಕರಿಸುವುದೂ ಹಾಗೆಯೇ. ‘ಒಮ್ಮೆ ಮಾರಿದ ಮಾಲು ವಾಪಸಿಲ್ಲ’ ಎಂಬ ಬೋರ್ಡು ದೋಷವಿರುವ ಮಾಲಿಗೆ ನಡೆಯುವುದಿಲ್ಲ. ಬಿಲ್ಲಿನಲ್ಲಿ ‘ಚಾಕು’ ಎಂದಷ್ಟೇ ಬರೆಸದೆ ಮಾದರಿ, ಉಕ್ಕಿನ ದರ್ಜೆ, ಅಲಗಿನ ಉದ್ದ ಬರೆಸಿ. ದೋಷ ಬಂದಾಗ ಅದು ಅಂಗಡಿಯವನ ವಾಗ್ದಾನ. ಪೊಲೀಸರು ಕೇಳಿದಾಗ ಸಲಕರಣೆಯಾಗಿ ಕೊಂಡದ್ದಕ್ಕೆ ದಾಖಲೆ.

ಆನ್‌ಲೈನಿನಲ್ಲಿ ಕೊಂಡರೆ ಮಾರಾಟದ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ಅದು ಬದಲಾಗುತ್ತಿರುತ್ತದೆ. ಇ-ಕಾಮರ್ಸ್ ನಿಯಮಗಳು, 2020ರಂತೆ ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ತಾಣದ ಕುಂದುಕೊರತೆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಅಲ್ಲಿಗೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಸಣ್ಣ ಮೊತ್ತದ ಜಗಳಗಳಿಗೆ ಮೊದಲು ತಟ್ಟಬೇಕಾದ ಬಾಗಿಲು ಅದು. ಆಮೇಲೆ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕರ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಉಕ್ಕಿನ ಪರೀಕ್ಷೆ ಮಾಡಿಸಿ ಎಂದು ಕೇಳುವ ಅವಕಾಶ ಕಾಯ್ದೆಯಲ್ಲಿದೆ. ಆದರೆ ಆ ಖರ್ಚನ್ನು ದೂರುದಾರರೇ ಕಟ್ಟಬೇಕಾಗಿ ಬರಬಹುದು, ಅದು ಚಾಕುವಿನ ಬೆಲೆಯನ್ನು ಮೀರುತ್ತದೆ. ಅಲುಗುವ ಕೀಲು, ಕೂರದ ಲಾಕ್, ಪೊಟ್ಟಣದಲ್ಲಿಲ್ಲದ ವಿಳಾಸ, ಇವನ್ನು ಫೋಟೊ ವಿಡಿಯೊದಲ್ಲಿ ತೋರಿಸುವುದು ಜಾಣತನ. ಲಾಕ್ ಜಾರಿ ಬೆರಳು ಕುಯ್ದರೆ ಮಾತು ಬೇರೆ. ಅದು ಉತ್ಪನ್ನ ಹೊಣೆಗಾರಿಕೆಯ ಪ್ರಕರಣ. ಚಾಕುವನ್ನು ರಿಪೇರಿಗೆ ಕೊಡಬೇಡಿ, ಇದ್ದ ಹಾಗೆ ತೆಗೆದಿಡಿ. ಆಸ್ಪತ್ರೆಯ ಚೀಟಿಯಲ್ಲಿ ಗಾಯ ಹೇಗಾಯಿತೆಂದು ಬರೆಸಿ.

ದಾರಿಯಲ್ಲಿ

ವಿಮಾನದ ಕೈಚೀಲದಲ್ಲಿ ಚಾಕು ಒಯ್ಯುವಂತಿಲ್ಲ, ಚೆಕ್-ಇನ್ ಲಗೇಜಿನಲ್ಲಿ ಹಾಕಿ. ನ್ಯಾಯಾಲಯ, ವಿಧಾನಸೌಧ, ಮೆಟ್ರೊ ತಪಾಸಣೆಯ ಸ್ಥಳಗಳಿಗೆ ಹೋಗುವ ದಿನ ಅದನ್ನು ಮನೆಯಲ್ಲಿ ಬಿಡಿ. ಇಂಗ್ಲೆಂಡಿಗೆ ಓದಲು ಹೋಗುವ ಮಕ್ಕಳಿಗೂ ಹೇಳಿ: ಅಲ್ಲಿ ಕಾರಣವಿಲ್ಲದೆ ಜೇಬಿನಲ್ಲಿಟ್ಟುಕೊಳ್ಳಬಹುದಾದದ್ದು 3 ಇಂಚು ಮೀರದ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಇಲ್ಲಿ ನಾವು ಸುರಕ್ಷತೆಗೆಂದು ಹುಡುಕುವ ಲಾಕೇ ಅಲ್ಲಿ ಅಪರಾಧಕ್ಕೆ ದಾರಿಯಾಗಬಹುದು.

ನಮ್ಮಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ನಿಷೇಧಾಜ್ಞೆಯ ದಿನಗಳಲ್ಲಿ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 35ನೇ ಕಲಂ ಅಡಿ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಒಂದು ಪ್ರದೇಶದಲ್ಲಿ ನಿರ್ದಿಷ್ಟ ಅವಧಿಗೆ ಚಾಕು, ದೊಣ್ಣೆಯಂಥವನ್ನು ಹಿಡಿದು ಓಡಾಡುವುದನ್ನೇ ನಿಷೇಧಿಸಬಹುದು. ಆಗ 9 ಇಂಚಿನ ಲೆಕ್ಕ ನಡೆಯುವುದಿಲ್ಲ. ಹಬ್ಬದ ಮೆರವಣಿಗೆ, ಚುನಾವಣೆ, ಗಲಭೆಯ ಹೊತ್ತಿನಲ್ಲಿ ಆದೇಶ ಇದೆಯೇ ಎಂದು ಪತ್ರಿಕೆ ನೋಡಿ. ಕೆಲಸಕ್ಕೆ ಚಾಕು ಬೇಕೇ ಬೇಕಾದರೆ ಜೇಬಿನಲ್ಲಿ ಬೇಡ, ಇತರ ಸಲಕರಣೆಗಳ ಜೊತೆ ಚೀಲದಲ್ಲಿ ಮುಚ್ಚಿಡಿ.

ಪೊಲೀಸರು ತಡೆದರೆ ನಿಮ್ಮ ಕೆಲಸ ಏನು, ಚಾಕು ಯಾಕೆ ಎಂದು ಸಮಾಧಾನದಿಂದ ಹೇಳಿ, ಬಿಲ್ಲು ತೋರಿಸಿ. ವಶಪಡಿಸಿಕೊಂಡರೆ ಮಹಜರಿನ ಮೇಲೆ ಕಣ್ಣಿರಲಿ. ಕಾನೂನು ಕೇಳುವುದು ಅಲಗಿನ ಉದ್ದ ಅಗಲವನ್ನು. ಹಿಡಿ ಸೇರಿಸಿ ‘ಏಳು ಇಂಚಿನ ಚಾಕು’ ಎಂದು ಒಟ್ಟಾರೆ ಬರೆದರೆ ಮೂರಿಂಚಿನ ಸಲಕರಣೆ ಓದುವವರ ಕಣ್ಣಿಗೆ ದೊಡ್ಡ ಆಯುಧವಾಗುತ್ತದೆ. ಅಲಗು, ಹಿಡಿ ಬೇರೆ ಬೇರೆ ಅಳೆದು ಬರೆಯಲು, ಕೈಯಿಂದ ಬಿಚ್ಚುವಂಥದು ಎಂದು ದಾಖಲಿಸಲು ವಿನಂತಿಸಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯ ವಿಡಿಯೊ ಆಗಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು (47ನೇ ಕಲಂ), ನಿಮ್ಮವರಿಗೆ ಸುದ್ದಿ ಮುಟ್ಟಿಸಬೇಕು (48), ಮೈಮೇಲಿದ್ದ ವಸ್ತುಗಳಿಗೆ ರಸೀದಿ ಕೊಡಬೇಕು (49), ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು (58).

ಜಪ್ತಿಯಾದ ಚಾಕುವನ್ನು ಮರಳಿ ಪಡೆಯಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ವಿಚಾರಣೆ ನಡೆಯುತ್ತಿದ್ದರೆ 497ನೇ ಕಲಂ, ವಸ್ತು ನ್ಯಾಯಾಲಯಕ್ಕೆ ಬಂದೇ ಇಲ್ಲದಿದ್ದರೆ 503. ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಕರೆ ಮಾಡಬಹುದು, ಇಲ್ಲವೇ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ಬಂಧನದಲ್ಲಿರುವ ಯಾರೇ ಆದರೂ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಪಡೆಯಲು ಹಕ್ಕುಳ್ಳವರು.