ರಸ್ತೆಯ ಮೇಲೊಂದು ಕೊಂಬೆಯ ಸೇತುವೆ



ಎತ್ತಿನ ಗಾಡಿಯ ಕಾಲದಲ್ಲಿ ರಸ್ತೆ ದಾಟುವುದು ಪ್ರಾಣಿಗಳಿಗೆ ಕಷ್ಟವಾಗಿರಲಿಲ್ಲ. ಈಗ ಹಗಲೂ ರಾತ್ರಿಯೂ ಲಾರಿ, ಬಸ್ಸು, ಕಾರುಗಳು ಓಡುತ್ತವೆ. ರಸ್ತೆಯ ಆಚೆಗಿರುವ ಮೇವು, ನೀರು, ಜೊತೆ ಎಲ್ಲವೂ ಪ್ರಾಣಿಗೆ ದೂರವಾಗಿವೆ.

ಮರಳೂರಿನಿಂದ ಕುಣಿಗಲ್ ದಾರಿ ಹಿಡಿದರೆ ನಾಗವಲ್ಲಿ ಸಿಗುತ್ತದೆ. ಆ ಸುತ್ತಿನ ಮರಗಳಲ್ಲಿಯೂ ಬೇಲಿಗಳಲ್ಲಿಯೂ ಕಾಡುಪಾಪ ವಾಸಿಸುತ್ತದೆ. ಇದು ಒಂದು ಗೇಣುದ್ದದ, ಬಾಲವಿಲ್ಲದ, ದೊಡ್ಡ ಕಣ್ಣಿನ ಪ್ರಾಣಿ. ಹಗಲು ಮಲಗಿ, ರಾತ್ರಿ ಇರುವೆ, ಜೀರುಂಡೆ, ಹುಳುಗಳನ್ನು ಹಿಡಿದು ತಿನ್ನುತ್ತದೆ. ನಿಮ್ಮ ಫಸಲಿಗೆ ಇದರಿಂದ ಹಾನಿಯಿಲ್ಲ. ಇದನ್ನು ಕಂಡರೆ ಅಪಶಕುನವೆಂಬುದೂ, ಮಾಟಕ್ಕೆ ಬೇಕೆಂಬುದೂ ಬರಿಯ ಮೂಢನಂಬಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ.

ಕಾಡುಪಾಪ ಕೋತಿಯಂತೆ ನೆಗೆಯುವುದಿಲ್ಲ. ಒಂದು ಕೊಂಬೆಯನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚುತ್ತದೆ. ಆದ್ದರಿಂದ ರಸ್ತೆಯ ಮೇಲೆ ಕೂಡಿದ ಕೊಂಬೆಗಳೇ ಅದರ ಸೇತುವೆ. ಮರ ಕಡಿದರೆ ಅದು ನೆಲಕ್ಕಿಳಿಯಬೇಕು. ನೆಲದ ಮೇಲೆ ಅದರ ನಡಿಗೆ ನಿಧಾನ; ಚಕ್ರಕ್ಕೋ ನಾಯಿಗೋ ಸಿಕ್ಕಿ ಸಾಯುತ್ತದೆ.

ಇಂಥ ತೊಂದರೆಗೆ ಬೇರೆ ಕಡೆಗಳಲ್ಲಿ ಉಪಾಯ ಕಂಡುಕೊಂಡಿದ್ದಾರೆ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳನ್ನು ತಡೆಯಲಾಯಿತು. ಮಹಾರಾಷ್ಟ್ರದ ಪೆಂಚ್ ಕಾಡಿನಲ್ಲಿ ಹೆದ್ದಾರಿಯನ್ನೇ ಕಂಬಗಳ ಮೇಲೆ ಎತ್ತರಿಸಿದ್ದಾರೆ. ಹುಲಿ, ಜಿಂಕೆಗಳು ಅದರ ಕೆಳಗೆ ಹಾದುಹೋಗುವುದನ್ನು ಕ್ಯಾಮೆರಾಗಳು ಸೆರೆಹಿಡಿದಿವೆ. ನಮ್ಮ ಊರುಗಳಲ್ಲಿ ಅಷ್ಟು ದೊಡ್ಡ ಖರ್ಚಿಲ್ಲದೆಯೇ ಮಾಡಬಹುದಾದ ಕೆಲಸಗಳಿವೆ.

1. ರಸ್ತೆಯ ಮೇಲೆ ಕೂಡಿರುವ ಕೊಂಬೆಗಳನ್ನು ಸೌದೆಗಾಗಿ, ಮೇವಿಗಾಗಿ ಕಡಿಯಬೇಡಿ.

2. ಹಸಿರು ಬೇಲಿಯನ್ನು ಉಳಿಸಿಕೊಳ್ಳಿ. ನಡುವೆ ಬಯಲಾದ ಕಡೆ ಹೊಂಗೆ, ಬೇವು, ಹುಣಸೆ ನೆಡಿ.

3. ರಸ್ತೆಯ ಕೆಳಗಿನ ಮೋರಿಗೆ ಕಸ ಸುರಿಯಬೇಡಿ. ಮೋರಿ ತೆರವಾಗಿದ್ದರೆ ಮುಂಗುಸಿ, ಉಡ, ನರಿಗಳಿಗೆ ಅದೇ ದಾರಿ.

4. ರಸ್ತೆ ಅಗಲ ಮಾಡುವ ಸುದ್ದಿ ಬಂದ ಕೂಡಲೇ ಗ್ರಾಮಸಭೆಯಲ್ಲಿ ಮಾತೆತ್ತಿ. ಉಳಿಸಬೇಕಾದ ಮರಗಳ ಪಟ್ಟಿ ಮಾಡಿ, ಅರಣ್ಯ ಇಲಾಖೆಗೂ ಲೋಕೋಪಯೋಗಿ ಇಲಾಖೆಗೂ ಬರೆದುಕೊಡಿ. ಕೊಂಬೆ ಕೂಡದ ಕಡೆ ಹಗ್ಗದ ಸೇತುವೆ ಕಟ್ಟಿಸಿಕೊಡಲು ಕೇಳಿ. ಹಗ್ಗವನ್ನು ನೀವೇ ಕಟ್ಟಲು ಹೋಗಬೇಡಿ. ವಿದ್ಯುತ್ ತಂತಿಯ ಅಪಾಯವಿದೆ.

ಮರ ಬಿದ್ದ ಮೇಲೆ ಅರ್ಜಿ ಕೊಟ್ಟು ಫಲವಿಲ್ಲ. ಇಂದು ನೆಟ್ಟ ಸಸಿಯ ಕೊಂಬೆ ರಸ್ತೆಯ ಮೇಲೆ ಚಾಚಲು ಅನೇಕ ವರ್ಷಗಳು ಬೇಕು.

ಚರ್ಚೆಗೆ: ನಿಮ್ಮ ಊರಿನ ರಸ್ತೆಯ ಮೇಲೆ ಕೊಂಬೆಗಳು ಕೂಡುವ ಜಾಗಗಳೆಷ್ಟು? ಹೂಳು, ಕಸ ತುಂಬಿದ ಮೋರಿಗಳೆಷ್ಟು? ಎಣಿಸಿ, ಮುಂದಿನ ಗ್ರಾಮಸಭೆಯಲ್ಲಿ ತಿಳಿಸಿ.