ಹಕ್ಕಿಗೆ ದಾರಿ ಬಿಡು

ನೋಡಮ್ಮ, ವೇಲ್ಸ್‌ನ ಸ್ಕೋಮರ್ ದ್ವೀಪದಲ್ಲಿ ಒಂದು ವಾರ ಸ್ವಯಂಸೇವೆ ಮಾಡಲು ನಿನಗೆ ಅವಕಾಶ ಸಿಕ್ಕಿದೆ ಎಂದು ಕೇಳಿ ತುಂಬ ಸಂತೋಷವಾಯಿತು. ಅಲ್ಲಿ ಕೆಲಸ ಮಾಡಿ ಬಂದವಳು ನಾನು. ಹೊರಡುವ ಮುಂಚೆ ನಾಲ್ಕು ಮಾತು ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೊ.

ಮೊದಲು ಚೀಲದ ವಿಷಯ. ದ್ವೀಪದಲ್ಲಿ ಅಂಗಡಿಯಿಲ್ಲ. ಅಕ್ಕಿ, ಬೇಳೆ, ಉಪ್ಪಿನಕಾಯಿ ಎಲ್ಲ ನೀನೇ ಒಯ್ಯಬೇಕು. ಗಾಳಿ ಎದ್ದರೆ ಆಚೆ ದಡದ ಮಾರ್ಟಿನ್ಸ್ ಹೇವನ್‌ನಿಂದ ದೋಣಿ ಹೊರಡುವುದಿಲ್ಲ. ಹಾಗಾಗಿ ಎರಡು ದಿನದ ಸಾಮಾನು ಹೆಚ್ಚಿಗೇ ಇರಲಿ. ತಿನ್ನುವುದನ್ನೆಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬು, ದೋಣಿ ಹತ್ತುವ ಮೊದಲು ಚೀಲವನ್ನು ಪೂರ್ತಿ ಕೊಡವಿ ನೋಡು. ಸ್ಕೋಮರ್‌ನಲ್ಲಿ ಇಲಿಗಳಿಲ್ಲ. ಒಂದು ಬಸುರಿ ಇಲಿ ಒಳಹೊಕ್ಕರೂ ಬಿಲದಲ್ಲಿ ಗೂಡು ಮಾಡುವ ಕಡಲಹಕ್ಕಿಗಳ ಮೊಟ್ಟೆ ಮರಿಗಳಿಗೆ ಉಳಿಗಾಲವಿಲ್ಲ. ಪಕ್ಕದ ರ‍್ಯಾಮ್ಸೆ ದ್ವೀಪದಲ್ಲಿ 1999-2000ರ ಚಳಿಗಾಲದಲ್ಲಿ ಇಲಿಗಳನ್ನು ನಿರ್ಮೂಲ ಮಾಡಿದ ಮೇಲೆಯೇ ಕಡಲಹಕ್ಕಿಗಳ ಸಂಸಾರ ಹಲವು ಪಟ್ಟು ಬೆಳೆದದ್ದು. ರೋಗ ಅಂಟಿ ಬರದಂತೆ ಬೂಟನ್ನೂ ಚೆನ್ನಾಗಿ ತೊಳಿ. 2022ರಲ್ಲಿ ಹಕ್ಕಿಜ್ವರದ ಭಯದಿಂದ ಪ್ರವಾಸಿಗರು ದ್ವೀಪಕ್ಕೆ ಇಳಿಯುವುದನ್ನೇ ನಿಲ್ಲಿಸಬೇಕಾಗಿ ಬಂದಿತ್ತು.

ಎರಡನೆಯದು, ನಡೆಯುವ ದಾರಿ. ಗುರುತು ಮಾಡಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬೇಡ. ಮೊಲಗಳೂ ಹಕ್ಕಿಗಳೂ ತೋಡಿ ತೋಡಿ ಅಲ್ಲಿಯ ನೆಲವೆಲ್ಲ ಪೊಳ್ಳಾಗಿದೆ. ಮೇಲೆ ನೀಲಿ ಹೂವಿನ ಹಾಸು ಕಂಡರೂ ಕೆಳಗೆ ಕಡಲಹಕ್ಕಿಗಳಾದ ಮ್ಯಾಂಕ್ಸ್ ಶಿಯರ್‌ವಾಟರ್‌ಗಳು ತಲಾ ಒಂದೇ ಒಂದು ಬಿಳಿ ಮೊಟ್ಟೆಗೆ ಕಾವು ಕೊಡುತ್ತಿರುತ್ತವೆ. 2018ರ ಗಣತಿಯ ಪ್ರಕಾರ ಸುಮಾರು 3,50,000 ಜೋಡಿಗಳು. ಜಗತ್ತಿನಲ್ಲಿ ಈ ಜಾತಿಯ ಇಷ್ಟು ದೊಡ್ಡ ನೆಲೆ ಬೇರೆಲ್ಲೂ ಇಲ್ಲ. ಅಕಸ್ಮಾತ್ ನಿನ್ನ ಕಾಲಿಗೆ ಬಿಲ ಕುಸಿದರೆ ಮುಚ್ಚಿಡಬೇಡ, ಕೂಡಲೇ ದ್ವೀಪ ನೋಡಿಕೊಳ್ಳುವ ವಾರ್ಡನ್‌ಗೆ ಹೇಳು. ಬೇಗ ಗೊತ್ತಾದರೆ ಒಳಗಿನ ಜೀವ ಉಳಿಯಬಹುದು.

ಇನ್ನು ಪಫಿನ್ ಹಕ್ಕಿ. ಈಚಿನ ಎಣಿಕೆಗಳಲ್ಲಿ ಅವು 40,000 ದಾಟಿವೆ. ‘ದಿ ವಿಕ್’ ಎಂಬ ಕಡಿಬಂಡೆಯ ಬಳಿ ನಿನ್ನ ಕಾಲ ಹತ್ತಿರವೇ ಓಡಾಡುತ್ತವೆ. ಎಲ್ಲರೂ ಮುಗಿಬಿದ್ದು ಫೋಟೊ ತೆಗೆಯುವುದು ಅಲ್ಲೇ. ಕೊಕ್ಕಿನ ತುಂಬ ಮೀನು ಅಡ್ಡಡ್ಡ ಕಚ್ಚಿಕೊಂಡ ಹಕ್ಕಿಯೊಂದು ದಾರಿಯ ಅಂಚಿಗೆ ಬಂದು ಅತ್ತಿತ್ತ ನೋಡುತ್ತ ನಿಂತರೆ, ಅದು ಪೋಸು ಕೊಡುತ್ತಿದೆ ಎಂದುಕೊಳ್ಳಬೇಡ. ಅದರ ಬಿಲಕ್ಕೂ ಅದಕ್ಕೂ ನಡುವೆ ನೀನು ನಿಂತಿದ್ದೀಯ! ತಡವಾದಷ್ಟೂ ಗಲ್ ಹಕ್ಕಿ ಎರಗಿ ಮೀನು ಕಸಿಯುವ ಅಪಾಯ ಹೆಚ್ಚು. ನಾಲ್ಕು ಹೆಜ್ಜೆ ಹಿಂದೆ ಸರಿ. ಪುಟುಪುಟು ಓಡಿ ಒಳಹೊಕ್ಕುಬಿಡುತ್ತದೆ. ನೋಡಲು ಬಂದವರಿಗೂ ನಗುನಗುತ್ತಲೇ ಇದನ್ನು ತಿಳಿಸು. ಗದರಿದರೆ ಅವರಿಗೆ ಸಿಟ್ಟು ಬರುತ್ತದೆಯೇ ಹೊರತು ಹಕ್ಕಿಯ ಕಷ್ಟ ತಿಳಿಯುವುದಿಲ್ಲ.

ದಿನವಿಡೀ ದುಡಿದು ಸುಸ್ತಾಗಿದ್ದರೂ ಚಂದ್ರನಿಲ್ಲದ ಒಂದು ರಾತ್ರಿ ತಪ್ಪದೆ ಎದ್ದಿರು. ಶಿಯರ್‌ವಾಟರ್‌ಗಳು ಕಡಲಿನಿಂದ ಮನೆಗೆ ಬರುವುದು ಆಗಲೇ. ಅವುಗಳ ಕಾಲುಗಳು ದೇಹದ ತೀರಾ ಹಿಂದಕ್ಕಿವೆ. ಈಜಲು ಸೊಗಸು, ನೆಲದ ಮೇಲೆ ಎದೆಯೂರಿ ತೆವಳಬೇಕು. ಹಗಲಲ್ಲಿ ಬಂದರೆ ದೊಡ್ಡ ಗಲ್‌ಗಳ ಬಾಯಿಗೆ ತುತ್ತು. ಕತ್ತಲೆಯಲ್ಲಿ ಮೇಲಿನಿಂದಲೂ ಬಿಲದೊಳಗಿಂದಲೂ ಕರ್ಕಶವಾಗಿ ಕೂಗುವುದನ್ನು ಕೇಳಿ ಹೆದರಬೇಡ. ಕೆಂಪು ಬೆಳಕಿನ ಟಾರ್ಚನ್ನೇ ಬಳಸು, ಪ್ರತಿ ಹೆಜ್ಜೆಗೂ ನೆಲ ನೋಡು. ದಾರಿಯ ಮೇಲೇ ಕೂತಿರುತ್ತವೆ. ಇಷ್ಟು ಎಡವಿ ನಡೆಯುವ ಹಕ್ಕಿಯೇ ಚಳಿಗಾಲಕ್ಕೆ ಅಟ್ಲಾಂಟಿಕ್ ದಾಟಿ ಅರ್ಜೆಂಟೀನಾದ ಕಡಲಿಗೆ ಹೋಗಿ, ವಸಂತಕ್ಕೆ ಮತ್ತೆ ಇಲ್ಲಿಗೇ ಮರಳುತ್ತದೆ.

ಎಣಿಸುವ ಕೆಲಸ ಬಂದರೆ ಬೇಸರಪಡಬೇಡ. ಬಂಡೆಯ ಮೇಲೆ ಒತ್ತೊತ್ತಾಗಿ ನಿಂತ ಗಿಲಿಮಾಟ್ ಹಕ್ಕಿಗಳನ್ನು ಎಣಿಸುತ್ತ ಕಣ್ಣು ಸೋಲುತ್ತದೆ, ಲೆಕ್ಕ ತಪ್ಪುತ್ತದೆ, ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಆದರೂ ಮಾಡು. 1930ರ ದಶಕದಲ್ಲಿ ಅಲ್ಲಿ ಸುಮಾರು ಒಂದು ಲಕ್ಷ ಗಿಲಿಮಾಟ್‌ಗಳಿದ್ದವಂತೆ. 1972ರಲ್ಲಿ ಪಕ್ಷಿವಿಜ್ಞಾನಿ ಟಿಮ್ ಬರ್ಕ್‌ಹೆಡ್ ಅಧ್ಯಯನ ಶುರುಮಾಡಿದಾಗ ಉಳಿದಿದ್ದದ್ದು ಎರಡು ಸಾವಿರದಷ್ಟು. ಆಮೇಲೆ ಅವು ಚೇತರಿಸಿಕೊಂಡದ್ದು ನಮಗೆ ಗೊತ್ತಿರುವುದು ವರ್ಷ ವರ್ಷವೂ ಯಾರೋ ಕೂತು ಎಣಿಸಿದ್ದರಿಂದ.

ಸಂಜೆ ಎಲ್ಲರೂ ಸೇರಿ ಆ ದಿನ ಕಂಡದ್ದನ್ನು ದಾಖಲಿಸುವ ಪದ್ಧತಿಯಿದೆ. ಅಲ್ಲಿ ಕಂಡದ್ದನ್ನಷ್ಟೇ ಹೇಳು. ಸಂಶಯವಿದ್ದರೆ ಸಂಶಯವೆಂದೇ ಹೇಳು, ಕಾಣದಿದ್ದರೆ ಇಲ್ಲವೆಂದು ಹೇಳಲು ನಾಚಬೇಡ. ಮುಂದೊಂದು ದಿನ ಆ ಹಕ್ಕಿಗಳ ಪರವಾಗಿ ಯಾರಾದರೂ ವಾದಿಸಬೇಕಾಗಿ ಬಂದಾಗ ಅವರ ಕೈಯಲ್ಲಿರುವುದು ನೀನು ಕೊಟ್ಟ ಲೆಕ್ಕವೇ. ಅದು ನಂಬುವ ಹಾಗಿರಲಿ. ಹೋಗಿ ಬಾಮ್ಮ, ಒಳ್ಳೆಯದಾಗಲಿ.